ಕರೆ ಬಾರದ ತೊಂಬತ್ತು ನಿಮಿಷ

ಸರೋಜಮ್ಮನವರೇ, ನೀವು ಸುಳ್ಳು ಬರೆದಿರಲಿಲ್ಲ. ತಪ್ಪು ಲೆಕ್ಕ ನನ್ನದು — ಅದು ತಪ್ಪೆಂದು ಒಂದೇ ವಾರದಲ್ಲಿ ತಿಳಿದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡವನೂ ನಾನೇ.

ಹಲಸೂರಿನ ಆ ಮಹಡಿಯ ಕೋಣೆ, ನಮ್ಮ ಸಹಾಯವಾಣಿ. ಮನೆಯಲ್ಲಿ ಹೊಡೆತ ತಿಂದ ಹೆಂಗಸರು ಫೋನ್ ಮಾಡುತ್ತಿದ್ದರು. ಮರ್ಫಿ ಟೌನಿನಿಂದ ನಡೆದೇ ಬಂದು ಮಧ್ಯಾಹ್ನದ ಪಾಳಿಯಲ್ಲಿ ನೀವೊಬ್ಬರೇ ಕೂರುತ್ತಿದ್ದಿರಿ. ಕರೆ ಬಂದರೆ ವೇಳೆ, ಬಾರದಿದ್ದರೆ ‘ಕರೆ ಇಲ್ಲ’ — ಎರಡನ್ನೂ ರಿಜಿಸ್ಟರಿನಲ್ಲಿ ದಾಖಲಿಸಬೇಕೆಂಬ ನಿಯಮ ನನ್ನದು. ಒಂದು ದಿನ ಎರಡರಿಂದ ಮೂರೂವರೆಯವರೆಗೆ ‘ಕರೆ ಇಲ್ಲ’ ಎಂದು ಬರೆದಿದ್ದಿರಿ.

ನಾನು ಆಗಷ್ಟೇ ಎಕ್ಸೆಲ್ ಕಲಿತಿದ್ದೆ. ನಮಗೆ ಬರುವ ಎರಡು ಕರೆಗಳ ನಡುವಿನ ಸರಾಸರಿ ಅಂತರ ಅರವತ್ತು ನಿಮಿಷ. ಹಾಗಾದರೆ ತೊಂಬತ್ತು ನಿಮಿಷದೊಳಗೆ ಒಂದಾದರೂ ಕರೆ ಬರುವ ಸಂಭವವೆಷ್ಟು? ಎಕ್ಸ್‌ಪಾನ್‌ಡಿಸ್ಟ್ ಎಂಬ ಸೂತ್ರಕ್ಕೆ ತೊಂಬತ್ತು, ಅರವತ್ತು ಎಂದು ಕೊಟ್ಟೆ. ಉತ್ತರ ಬಂತು: 1. ಅಂದರೆ ಬಂದೇ ತೀರಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೆಳೆದವನು ನಾನು. ಅಷ್ಟು ನಿಸ್ಸಂದೇಹವಾದ ಅಂಕಿ ಕಂಡಾಗ ಅನುಮಾನ ಹುಟ್ಟಬೇಕಿತ್ತು — ಹಿಗ್ಗು ಹುಟ್ಟಿತು.

ಭಾನುವಾರದ ಸಭೆಯಲ್ಲಿ ಆ ಹಾಳೆಯನ್ನು ಎತ್ತಿ ಹಿಡಿದು, ನೀವು ಕರೆ ಬಾರದಂತೆ ರಿಸೀವರ್ ತೆಗೆದು ಪಕ್ಕಕ್ಕಿಟ್ಟು ಎದ್ದು ಹೋಗಿದ್ದಿರೆಂದು ವಾದಿಸಿದೆ.

“ಊಟ ಆದ್ಮೇಲೆ ಸಣ್ಣದೊಂದು ನಿದ್ದೆ, ಅಲ್ವಾಮ್ಮಾ?” ಎಂದು ಕಾರ್ಯದರ್ಶಿ ಎಲ್ಲರನ್ನೂ ನಗಿಸಿದರು.

“ಫೋನ್ ಬರ್ಲಿಲ್ಲ ಸಾರ್,” ಎಂದಿರಿ ನನ್ನತ್ತ ತಿರುಗಿ. “ಬರ್ದೇ ಇರೋದನ್ನ ಹೇಗ್ ಸಾರ್ ತೋರಿಸ್ಲಿ?”

“ಲೆಕ್ಕಾನೇ ತೋರಿಸ್ತಿದೆಯಲ್ಲಮ್ಮಾ,” ಎಂದೆ.

ನೀವು ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಿರಿ.

ವಾರದ ನಂತರ, ಹೊಸಬರಿಗೆ ಕಲಿಸಲೆಂದು ಸೂತ್ರದ ವಿವರಣೆಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಅದು ಕೇಳುವುದು ಸರಾಸರಿ ಅಂತರವನ್ನಲ್ಲ, ನಿಮಿಷಕ್ಕೆ ಎಷ್ಟು ಕರೆ ಎಂಬ ದರವನ್ನು. ಅರವತ್ತಲ್ಲ, ಅರವತ್ತರಲ್ಲಿ ಒಂದು ಪಾಲು. ತಿದ್ದಿದೆ. ಉತ್ತರ 0.78ಕ್ಕೆ, ಅಂದರೆ ನೂರಕ್ಕೆ ಎಪ್ಪತ್ತೆಂಟಕ್ಕೆ, ಇಳಿಯಿತು. ಅಂಥ ಮೌನ, ಹೆಚ್ಚುಕಡಿಮೆ ಐದು ಮಧ್ಯಾಹ್ನಗಳಲ್ಲಿ ಒಂದಕ್ಕೆ, ತಾನಾಗಿಯೇ ಒದಗುವಂಥದ್ದು. ಆಗಲೇ ನಿಮ್ಮ ಮನೆಗೆ ಓಡಿಬರಬೇಕಿತ್ತು. ನಾನು — ಸೇವ್ ಮಾಡದೆ ಫೈಲು ಮುಚ್ಚಿದೆ.

ನಿಮ್ಮ ಪಾಳಿಗೆ ಬೇರೆ ಯಾರೂ ಸಿಗಲಿಲ್ಲ. ತಿಂಗಳುಗಟ್ಟಲೆ ಮಧ್ಯಾಹ್ನ ಆ ಕೋಣೆಗೆ ಬೀಗ. ಒಮ್ಮೆ ಮೆಟ್ಟಿಲು ಹತ್ತುತ್ತಿದ್ದಾಗ ಒಳಗೆ ಫೋನ್ ರಿಂಗಾಗುತ್ತಿತ್ತು. ಬಾಗಿಲು ತೆಗೆಯುವಷ್ಟರಲ್ಲಿ ನಿಂತುಹೋಯಿತು. ಮತ್ತೆ ಬಂದೀತೆಂದು ಕಾದು ಕುಳಿತೆ. ಬರಲಿಲ್ಲ. ಯಾರಾಗಿದ್ದರೋ, ಆಮೇಲೆ ಅವರಿಗೆ ಏನಾಯಿತೋ… ಆ ಒಂಟಿ ಕೋಣೆಯಲ್ಲಿ ನೀವು ದಿನವೂ ಹೇಗೆ ಕೂತಿರುತ್ತಿದ್ದಿರೆಂಬುದು ನನಗೆ ಅಂದು ತಿಳಿಯಿತು. ತಿಳಿದ ಮೇಲೂ ಸುಮ್ಮನಿದ್ದೆ.

ನಾಳಿನ ಸಭೆಯಲ್ಲಿ ಈ ಪತ್ರವನ್ನು ಎಲ್ಲರೆದುರು ಓದುತ್ತೇನೆ; ನಿಮ್ಮ ಮಾನ ಕಳೆದದ್ದು ಅಲ್ಲಿಯೇ. ಆಮೇಲೆ ನೀವೀಗ ಇರುವ ಕಗ್ಗದಾಸಪುರದ ನಿಮ್ಮ ಮಗಳ ಮನೆಗೆ ಒಬ್ಬನೇ ಬರುತ್ತೇನೆ. ಬಾಗಿಲು ತೆರೆಯುವುದು, ತೆರೆಯದಿರುವುದು ನಿಮಗೆ ಸೇರಿದ್ದು. ಈ ಬಾರಿ ನಾನು ವಾದಿಸುವುದಿಲ್ಲ.