ಅಲ್ಯುಮಿನಿಯಂ ಟ್ರೇಯಲ್ಲಿ ಪೋರ್ಚುಗಲ್

ದೇಶಗಳ ಗಡಿಯನ್ನು ನಿರ್ಧರಿಸುವುದು ಯುದ್ಧಗಳು, ಒಪ್ಪಂದಗಳು, ದೂರದೃಷ್ಟಿಯ ಮಹಾಪುರುಷರು. ನಮ್ಮ ಮನೆಯ ಪೋರ್ಚುಗಲ್ಲಿನ ಗಡಿಯನ್ನು ನಿರ್ಧರಿಸಿದ್ದು ಮನೆಗೊಂದು ಅಡುಗೆ ತಂದು ಹಂಚಿ ತಿನ್ನುವ ಪಾಟ್‌ಲಕ್‌ಗೆ ಪುಳಿಯೋಗರೆ ಒಯ್ಯುವ ಅಲ್ಯುಮಿನಿಯಂ ಟ್ರೇ.

ಐದನೇ ತರಗತಿಯಲ್ಲಿರುವ ಮಗಳು ಮೇಘನಾ ಯುರೋಪಿನ ಒಂದು ಕರಾವಳಿ ದೇಶದ ನಕ್ಷೆ ಮಾಡಿ, ಸೋಮವಾರ ತರಗತಿಯ ಮುಂದೆ ನಿಂತು ವಿವರಿಸಬೇಕಿತ್ತು. ನಕ್ಷೆ ಕಷ್ಟವಾಗಲಿಲ್ಲ. ಗೋಧಿಹಿಟ್ಟಿಗೆ ಉಪ್ಪು ಹಾಕಿ ಕಲಸಿ ಟ್ರೇಯಲ್ಲಿ ಹರಡಿ, ಉತ್ತರದ ಮಿನ್ಯುವಿಗೆ ಹಸಿರು ಬಣ್ಣ, ಅಲೆಂತೇಜು ಬಯಲಿಗೆ ಅರಿಸಿನ, ದಕ್ಷಿಣ ತೀರದ ಅಲ್ಗಾರ್ವ್‌ಗೆ ಕುಂಕುಮ ಬೆರೆಸಿದೆವು. ಕಷ್ಟವಿದ್ದದ್ದು ವಿವರಿಸುವುದರಲ್ಲಿ. ಮೈಸೂರಿನಿಂದ ಲಿಸ್ಲ್‌ಗೆ ಬಂದು ಎಂಟು ತಿಂಗಳಾದರೂ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಮುಚ್ಚಿರಲಿಲ್ಲ.

ಹಿಂದಿನ ಶನಿವಾರವೇ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಹಿಟ್ಟು ಇನ್ನೂ ಹಸಿಯಿತ್ತು; ಅದನ್ನು ಬಿಟ್ಟು ಬರಲು ಮಗಳು ಒಪ್ಪಲಿಲ್ಲ. ಹೀಗಾಗಿ ಬೆಳಿಗ್ಗೆ ಏಳಕ್ಕೆ, ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ, ನಾವು ಮೂವರು ಮತ್ತು ಫಾಯಿಲ್ ಹೊದ್ದ ಪೋರ್ಚುಗಲ್ ಲಿಸ್ಲ್ ಬಿಟ್ಟೆವು. ದಾರಿ ಇನ್ನೂರ ಅರವತ್ತು ಮೈಲಿ.

ಇಂಡಿಯಾನಾದಲ್ಲಿ ಹಿಮ ಶುರುವಾಯಿತು. ಟ್ರೇ ಮಗಳ ತೊಡೆಯ ಮೇಲಿತ್ತು.

"ರೀ, ನಿಧಾನ. ಅಜೋರ್ಸ್ ಜಾರ್ತಿದೆ," ಎಂದಳು ಹೆಂಡತಿ ಸುಮಾ, ಹಿಂದೆ ತಿರುಗಿ.

ಅಟ್ಲಾಂಟಿಕ್ಕಿನ ಆ ಒಂಬತ್ತು ದ್ವೀಪಗಳ ಕ್ಷೇಮಕ್ಕಾಗಿ ವೇಗವನ್ನು ಐವತ್ತಕ್ಕೆ ಇಳಿಸಿದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಅವನಿಗೆ ಅಜೋರ್ಸ್ ವಿಷಯ ಗೊತ್ತಿರಲಿಲ್ಲ.

ಕಲಮಝೂದಲ್ಲಿ ಪೆಟ್ರೋಲ್ ಹಾಕಿಸಿ, ಕಾರಿನಲ್ಲೇ ಕೂತು ಚಪಾತಿ ರೋಲ್ ಬಿಚ್ಚಿದೆವು. "ಎಲ್ಲಿ, ನಮ್ಮ ಮುಂದೆ ಒಂದ್ಸಲ ಹೇಳು ನೋಡೋಣ," ಎಂದೆ.

"ಗುಡ್ ಮಾರ್ನಿಂಗ್. ಪೋರ್ಚುಗಲ್ ಈಸ್..." ಅಷ್ಟಕ್ಕೇ ನಿಲ್ಲಿಸಿದಳು. "ಬೇಡ ಅಪ್ಪ. ನಂಗೆ ಹುಷಾರಿಲ್ಲ ಅಂತ ಟೀಚರ್‌ಗೆ ಮೇಲ್ ಹಾಕ್ಬಿಡು."

ರೋಲ್ ಅರ್ಧಕ್ಕೇ ಬಿಟ್ಟಳು. ಉಳಿದದ್ದನ್ನು ಸುತ್ತಿಟ್ಟು ಕಾರು ಹೊರಡಿಸಿದೆ.

ನಮ್ಮೂರಿಗಿಂತ ಮುಂದಿರುವ ಮಿಷಿಗನ್ನಿನ ಗಡಿಯಾರ ನಮ್ಮಿಂದ ಒಂದು ಗಂಟೆ ಕಿತ್ತುಕೊಂಡಿತ್ತು. ಕ್ಯಾಂಟನ್ ತಲುಪಿದಾಗ ಒಂದೂವರೆ. ಕಾರಿನಲ್ಲಿ ಬಿಟ್ಟರೆ ಹೆಪ್ಪುಗಟ್ಟೀತೆಂದು ಟ್ರೇಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮಂಗಳಾರತಿಗೆ ಹೋದೆವು. ನಮ್ಮವರ ಮನೆಗೆ ಫಾಯಿಲ್ ಮುಚ್ಚಿದ ಟ್ರೇ ಬಂದರೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಬಿಸಿಯಾಗಲೆಂದು ಓವನ್‌ಗೆ ತಳ್ಳುತ್ತಾರೆ. ಧಾರವಾಡದ ಕಡೆಯ ಡಾಕ್ಟರ್ ಶಾಂತಾ ಆಂಟಿ ಈ ಧರ್ಮವನ್ನು ಚಾಚೂ ತಪ್ಪದೆ ಪಾಲಿಸಿದರು. ಮುನ್ನೂರೈವತ್ತು ಡಿಗ್ರಿ, ಮುಕ್ಕಾಲು ಗಂಟೆ.

"ಅಯ್ಯ, ಈ ಬರ್ಫಿ ಯಾರ್ ತಂದಾರ್ರೀ? ಚಮಚಾನ ಇಳಿವಲ್ದು!"

ಮಗಳು ಓಡಿದಳು. ಅಲ್ಗಾರ್ವ್ ಕಂದಿತ್ತು. ಬೆಟ್ಟಗಳು ಉಬ್ಬಿದ್ದವು. ದೇಶದ ನಡುವೆ ಅಡ್ಡಲಾಗಿ ಬಿರುಕು. ಸುಮಾ ನಡೆದದ್ದನ್ನು ಹೇಳಿದಾಗ ಶಾಂತಾ ಆಂಟಿ ಕೈಯಲ್ಲಿದ್ದ ಚಮಚ ಇಟ್ಟು, ಟ್ರೇಯನ್ನು ನೆಲಕ್ಕಿಳಿಸಿ, ರೇಷ್ಮೆ ಸೀರೆಯಲ್ಲೇ ಅದರ ಮುಂದೆ ಕೂತರು.

"ತಪ್ಪಾತವಾ ನಂದು. ಎಲ್ಲೆಲ್ಲಿ ಸುಟ್ಟೀನಿ, ಒಂದೊಂದ ಹೇಳು."

ಮಗಳ ಬೆರಳು ಮುಂದೆ ಬಂತು. "ಇದು ಅಲ್ಗಾರ್ವ್, ಆಂಟಿ. ಸೌತ್ ಕೋಸ್ಟ್."

"ಅಲ್ಲೆ ಬಿಸಿಲು ಜೋರೇನು?"

"ತುಂಬಾ."

"ಹಂಗಾದ್ರ ಕಂದಿದ್ದು ಛಲೋನ ಆತು. ಇದು?"

ಇದು ಅಲೆಂತೇಜು, ಬಾಟಲಿಯ ಬಿರಡೆಗೆ ತೊಗಟೆ ಕೊಡುವ ಮರಗಳು ಇಲ್ಲೇ. ಇದು ಮಿನ್ಯು, ಮಳೆ ಜಾಸ್ತಿ. ಊಟದ ತಟ್ಟೆ ಹಿಡಿದ ಇಪ್ಪತ್ತು ಜನ ಸುತ್ತ ನೆರೆದರು.

"ಗೋವಾಕ್ಕೆ ಬಂದೋರು ಇಲ್ಲಿಂದಾನೇ ಹೊರಟಿದ್ದೇನಮ್ಮ?" ಎಂದರು ಒಬ್ಬ ಅಂಕಲ್, ಹಪ್ಪಳ ಮುರಿಯುತ್ತ.

"ಲಿಸ್ಬನ್‌ನಿಂದ ಅಂಕಲ್. ಈ ನದಿ ಪಕ್ಕ."

ನದಿ ಎಂದು ಅವಳು ತೋರಿಸಿದ್ದು ಬಿರುಕನ್ನು. ನಿಜವಾದ ಟೇಗಸ್ ನದಿ ಹರಿಯುವುದು ಅದಕ್ಕಿಂತ ತುಸು ದಕ್ಷಿಣಕ್ಕೆ. ಇಂಥ ತಪ್ಪುಗಳನ್ನು ತಿದ್ದುವುದು ನನ್ನ ಹುಟ್ಟುಗುಣ; ಆವತ್ತು ಸುಮ್ಮನಿದ್ದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಅವಳ ದನಿ ಏರುತ್ತ ಹೋಯಿತು. ಸುಮಾ ನನ್ನ ತೋಳು ಹಿಡಿದಿದ್ದವಳು ಬಿಡಲಿಲ್ಲ. ಸಾರು ಆರಿತು. ಯಾರೂ ಕದಲಲಿಲ್ಲ.

ಭಾನುವಾರ ಸಂಜೆ ಐದಕ್ಕೆ ಲಿಸ್ಲ್ ಸೇರಿದೆವು. ಸೋಮವಾರ ಮೇಘನಾ ತರಗತಿಯ ಮುಂದೆ ನಿಂತು ನಾಲ್ಕು ನಿಮಿಷ ಮಾತಾಡಿದಳು.