ಅಣ್ಣ ಹೇಳಿದ ಆಳು

ಅಂದು ಬೆಳಿಗ್ಗೆಯೂ ಭಂಕೂರದ ಕಾಕಾ ನಮ್ಮ ಕಿಟಕಿಯ ಹೊರಗೆ ಚಹಾ ಹಿಡಿದು ನಿಂತಿದ್ದರು. ವಾಡಿಯ ಸಿಮೆಂಟು ಗೋದಾಮಿನಲ್ಲಿ ಅವರು ಹಮಾಲರ ಹಿರಿಯರು. ನಮ್ಮ ಅಪ್ಪನ ಜೊತೆ ಚೀಲ ಹೊತ್ತವರು. ಕಿಟಕಿಯೊಳಗೆ ಏಸಿ ಕೋಣೆಯಲ್ಲಿ ಅಣ್ಣ, ನಾನು, ಕಂಪ್ಯೂಟರುಗಳು. ಕಾಕಾ ಅಣ್ಣನನ್ನು ‘ತಂಪು ಖೋಲಿ ಧಣಿ’ ಎಂದು ಕಾಡಿಸುತ್ತಿದ್ದರು. ಅಣ್ಣ ಸಿಟ್ಟು ಬಂದಂತೆ ಮುಖ ಮಾಡಿ, ತನ್ನ ಬಿಸ್ಕೀಟು ಮುರಿದು ಕೊಡುತ್ತಿದ್ದ.

ಆ ವರ್ಷ ಹಳೆಯ ಕಂಪ್ಯೂಟರುಗಳನ್ನು ತೆಗೆದು, ಒಂದೇ ದೊಡ್ಡ ಯಂತ್ರದೊಳಗೆ ಹಲವು ಕಂಪ್ಯೂಟರುಗಳಿದ್ದಂತೆ ನಡೆಸುವ ಸಾಫ್ಟ್‌ವೇರ್ ಹಾಕಿದ್ದರು. ಲಾರಿ ತೂಗುವ ಕಾಟಾ, ಗೇಟು, ಸ್ಟೋರು ಎಲ್ಲವೂ ಅದರೊಳಗೇ. ಬಂದ ಕೆಲಸ ಮಾಡಲು ಅಲ್ಲಿ ‘ವರ್ಕರ್ ಥ್ರೆಡ್’ಗಳಿರುತ್ತವೆ. ಒಂದು ಸಲಕ್ಕೆ ಎಷ್ಟು ಥ್ರೆಡ್ ದುಡಿಯಬೇಕೆಂಬ ಮಿತಿಯನ್ನು ನಾವೇ ಇಡಬೇಕು. ಅಣ್ಣ ಅವುಗಳನ್ನು ‘ಆಳು’ ಎನ್ನುತ್ತಿದ್ದ. ಯಂತ್ರ ಕೂಡಿಸಿದವರು ಮಿತಿಯನ್ನು ಭಾರೀ ಮೇಲಿಟ್ಟು ಹೋಗಿದ್ದರು. ಇದ್ದಷ್ಟು ಪ್ರೊಸೆಸರಿಗಾಗಿ ಎಲ್ಲವೂ ಕಿತ್ತಾಡಿ, ತೂಕದ ಚೀಟಿ ಹೊರಬರುವುದು ತಡವಾಗಿ, ಲಾರಿಗಳು ಸಾಲುಗಟ್ಟುತ್ತಿದ್ದವು.

ಗೋದಾಮಿನ ಮ್ಯಾನೇಜರ್ ಸಾಹೇಬರು ಒಳಗೆ ಬಂದಾಗ ಅಣ್ಣ ಪರದೆ ತೋರಿಸಿದ.

“ಆಳು ಭಾಳ ಆಗ್ಯಾವ್ರಿ ಸಾಹೇಬ್ರ. ಅರ್ಧ ತೆಗೆದ್ರ ಕೆಲಸ ಜಲ್ದಿ ಆಗ್ತದ.”

ಯಾವ ಆಳು ಎಂದು ಸಾಹೇಬರು ಕೇಳಿದರು. ಅಣ್ಣ ವಿವರಿಸಿದ. ಅವರು ನಕ್ಕು, ಇಳಿಸು ಎಂದರು. ಅಷ್ಟರಲ್ಲಿ ಲಾರಿ ಬಂತೆಂದು ಯಾರೋ ಕರೆದು ಕಾಕಾ ಹೋಗಿಯಾಗಿತ್ತು. ಅವರು ಕೇಳಿಸಿಕೊಂಡದ್ದು ಅಣ್ಣನ ಮೊದಲ ಮಾತು ಮಾತ್ರ. ಮಧ್ಯಾಹ್ನಕ್ಕೆ ಲಾರಿಗಳ ಸಾಲು ಕರಗಿತು. ಅಣ್ಣ ಖುಷಿಯಿಂದ ಊಟ ಮಾಡಿದ.

ಕೆಲವೇ ದಿನಗಳಲ್ಲಿ ಚೀಲ ಏರಿಸುವ ಯಂತ್ರ ಬಂತು. ಅರ್ಧ ಹಮಾಲರನ್ನು ಕೆಲಸದಿಂದ ಬಿಡಿಸಿದರು. ಅದು ಮೇಲಿನವರು ಎಂದೋ ತೀರ್ಮಾನಿಸಿದ್ದು. ಹಮಾಲರು ಸಾಹೇಬರನ್ನು ಸುತ್ತುವರಿದು, ಕಂಪ್ಯೂಟರ್ ಖೋಲಿಯವನು ಹೇಳಿದ್ದಕ್ಕೇ ಹೀಗಾಯಿತೇ ಎಂದು ಕೇಳಿದರು. ಸಾಹೇಬರು ಅಣ್ಣನ ಕಡೆ ನೋಡಿದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಜೀಪು ಹತ್ತಿದರು.

ಅಣ್ಣ ಕಾಕಾನ ಹಿಂದೆ ಓಡಿದ.

“ಮನಷ್ಯಾರಿಗಿ ನಾ ‘ಆಗ್ಯಾವ’ ಅಂತೀನೇನು ಕಾಕಾ? ‘ಆಗ್ಯಾರ’ ಅಂತಿದ್ದೆ.”

“ತಂಪು ಖೋಲ್ಯಾಗ ಕುಂತೋರು ನಮಗ ಮನಷ್ಯಾರು ಅಂತ ಯಾವಾಗ ಅಂದೀರಪ್ಪ?”

ನಾನೂ ಹೇಳಿ ನೋಡಿದೆ. ತಮ್ಮನ ಸಾಕ್ಷಿಗೆ ಬೆಲೆ ಬರಲಿಲ್ಲ. ಅಣ್ಣ ಸಾಹೇಬರ ಬಳಿ ಹೋಗಿ ಬೇಡಿಕೊಂಡ. ಗಲಾಟೆ ತಣ್ಣಗಾಗಲಿ, ನಾನೇ ಹೇಳುತ್ತೇನೆ ಎಂದು ಅವರು ಮಾತು ಕೊಟ್ಟರು. ಅಣ್ಣ ನಂಬಿದ. ಗಲಾಟೆ ತಣ್ಣಗಾಯಿತು, ಆ ಮಾತು ಬರಲಿಲ್ಲ. ಕಾಕಾ ಗೋದಾಮಿನ ಆ ಬದಿಯಲ್ಲಿ ಚಹಾ ಕುಡಿಯತೊಡಗಿದರು. ಬಿಸ್ಕೀಟು ಮುರಿಯುವ ರೂಢಿ ಮಾತ್ರ ಅಣ್ಣನಿಗೆ ಹೋಗಲಿಲ್ಲ. ಉಳಿದರ್ಧ ಕಿಟಕಿಯ ಕಟ್ಟೆಯ ಮೇಲೆ ಮೆತ್ತಗಾಗುತ್ತಿತ್ತು.

ಹಿಂದೆ ಅಪ್ಪ ತೀರಿದಾಗ ಹೆಗಲು ಕೊಟ್ಟವರು ಹಮಾಲರೇ. ಜಡ್ಡಿನಿಂದ ಅಣ್ಣ ತೀರಿದಾಗ ಅವರಲ್ಲಿ ಯಾರೂ ಬರಲಿಲ್ಲ. ಸಾಹೇಬರು ದೊಡ್ಡ ಹಾರ ತಂದಿದ್ದರು. ಭಂಕೂರಕ್ಕೆ ಹೋಗಿ ಈಗಲಾದರೂ ಕಾಕಾನಿಗೆ ಒಂದು ಮಾತು ಹೇಳಿ ಎಂದು ನಾನು ಕೇಳಿದೆ. ಇನ್ನು ಅದರಿಂದ ಏನುಪಯೋಗ ಎಂದು ಅವರು ಚಪ್ಪಲಿ ಮೆಟ್ಟಿದರು.

ಕಾಕಾ ಇನ್ನೂ ಇದ್ದಾರೆ. ಅಣ್ಣ ಹೇಳಿದ್ದು ಯಂತ್ರದೊಳಗಿನ ಆಳು ಎಂದು ಸಾಹೇಬರು ಅವರಿಗೆ ಇನ್ನೂ ಹೇಳಿಲ್ಲ.