ತಾಟಿನ ಹಾಜರಿ

ಹೊರ್ತಿಯ ನಿವೃತ್ತ ಬಸಂತರಾಯ ಮಾಸ್ತರರ ಮನೆಯಲ್ಲಿ ಹಾಜರಿ ಮುಗಿಯುವ ತನಕ ಯಾರೂ ರೊಟ್ಟಿ ಮುರಿಯುವಂತಿಲ್ಲ. ಹಾಜರಿ ಉಣ್ಣುವವರದಲ್ಲ, ತಾಟಿನದು. "ಹಕ್ಕರಕಿ!" ಎಂದು ಮಾಸ್ತರರು ಕೂಗಿದರೆ ಎದುರು ಕೂತ ಹೆಂಡತಿ ಚನ್ನವ್ವ ಆ ಹಸಿ ಸೊಪ್ಪನ್ನು ಎತ್ತಿ ತೋರಿಸಿ "ಹಾಜರ್ರೀ" ಅನ್ನಬೇಕು. ಆಮೇಲೆ ಮೆಂತ್ಯೆ, ಗಜ್ಜರಿ, ದಾಳಿಂಬೆ, ಕೊನೆಗೆ ಅಗಸಿ ಚಟ್ನಿ. ಇಂಡಿ ಸಂತೆಯಲ್ಲಂತೂ ಬಣ್ಣಗೆಟ್ಟ ಬದನೆಕಾಯಿಯನ್ನು "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಎಂದು ಗದರಿಸಿ ಬುಟ್ಟಿಗೇ ವಾಪಸು ಹಾಕುತ್ತಾರೆ. "ಕಾಯಿಪಲ್ಲೆ ಬಣ್ಣದಾಗ ಮಿದುಳಿಗೆ ಹಿಡಿಯೋ ತುಕ್ಕು ತಡಿಯೋ ಶಕ್ತಿ ಐತಿ" ಎಂಬುದು ಅವರ ನಿತ್ಯದ ಪಾಠ. ಖಾತ್ರಿ ಐತೇನ್ರಿ ಎಂದು ಯಾರಾದರೂ ಕೆಣಕಿದರೆ, "ಡಾಕ್ಟರು ಆಗಬಹುದು ಅಂದಾರ. ನನಗ ಅಷ್ಟು ಸಾಕು" ಎನ್ನುತ್ತಾರೆ. ನಗುವವರಿಗೆ ಗೊತ್ತಿಲ್ಲ, ಎರಡು ವರ್ಷದಿಂದ ಚನ್ನವ್ವನ ನೆನಪಿನಿಂದ ಹೆಸರುಗಳು ಒಂದೊಂದಾಗಿ ಜಾರುತ್ತಿವೆ. ಈ ಕೂಗಾಟವೆಲ್ಲ ಅವುಗಳನ್ನು ಹಿಡಿದು ನಿಲ್ಲಿಸುವುದಕ್ಕೆ. ಮೊನ್ನೆ ಮಾಸ್ತರರು ಹಾಜರಿ ಮುಗಿಸಿ ರೊಟ್ಟಿಗೆ ಕೈ ಹಾಕಿದ್ದರು. ಚನ್ನವ್ವ ಅವರ ಕೈ ಹಿಡಿದಳು. "ಅಗಸಿ ಚಟ್ನಿ ಕರೀಲೇ ಇಲ್ಲಲ್ರಿ!" ನಲವತ್ತು ವರ್ಷ ಪಾಠ ಮರೆತ ಮಕ್ಕಳನ್ನು ಬೆಂಚು ಹತ್ತಿಸಿದ ಮಾಸ್ತರರು ಊಟ ಬಿಟ್ಟು ಎದ್ದು ನಿಂತು, ಕೈಕಟ್ಟಿ, ಕಣ್ಣು ತುಂಬ ನಗುತ್ತ ಅಂದರು: "ಮರತೆ ರೀ, ಟೀಚರ್."